ಬಗ್ಗುವುದಕ್ಕಿಂತ ಮೊದಲು ಉಸಿರು: ಹೊಸಬರಿಗೆ ಹಠಯೋಗದ ಎರಡು ತಿಂಗಳ ಪಾಠ

ಯೋಗ ಕಲಿಯಬೇಕು ಎಂದುಕೊಂಡವರ ಬಾಯಲ್ಲಿ ಮೊದಲು ಬರುವ ಮಾತು, ‘ನನ್ನ ಮೈ ಬಗ್ಗೋದೇ ಇಲ್ಲ.’ ನಲವತ್ತು ದಾಟಿದವರಂತೂ ಈ ಒಂದು ಅಳುಕಿನಲ್ಲೇ ವರ್ಷಗಟ್ಟಲೆ ಮುಂದೂಡುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೇ: ಕೈ ಎಲ್ಲಿವರೆಗೆ ಹೋಯಿತು ಎಂದು ನೋಡಬೇಡಿ, ಅಲ್ಲಿ ಉಸಿರು ಹೇಗಿದೆ ಎಂದು ನೋಡಿ. ಮಂಡಿಯವರೆಗೆ ಮಾತ್ರ ಬಗ್ಗಿ, ಅಲ್ಲೇ ಅರ್ಧ ನಿಮಿಷ ನಿಂತು, ಮೂಗಿನಲ್ಲಿ ಸಲೀಸಾಗಿ ಉಸಿರಾಡುವವರಿಗೆ ಸಿಗುವ ಲಾಭ, ಉಸಿರು ಬಿಗಿಹಿಡಿದು ನೆಲ ಮುಟ್ಟಿದವರಿಗೆ ಸಿಗುವುದಿಲ್ಲ.

ಹದಿನೈದನೇ ಶತಮಾನದ ಸುಮಾರಿಗೆ ಸ್ವಾತ್ಮಾರಾಮ ಬರೆದ ‘ಹಠಯೋಗ ಪ್ರದೀಪಿಕಾ’ ಗ್ರಂಥದ ಅಧ್ಯಾಯಗಳ ಕ್ರಮವನ್ನೇ ನೋಡಿ. ಮೊದಲು ಆಸನ, ಆಮೇಲೆ ಪ್ರಾಣಾಯಾಮ, ಅನಂತರ ಮುದ್ರೆಗಳು, ಕೊನೆಗೆ ಸಮಾಧಿ. ದೇಹ ಸ್ಥಿರವಾದರೆ ಉಸಿರು ಹದಕ್ಕೆ ಬರುತ್ತದೆ, ಉಸಿರು ಹದಕ್ಕೆ ಬಂದರೆ ಮನಸ್ಸು ತಹಬಂದಿಗೆ ಬರುತ್ತದೆ ಎಂಬುದು ಅವರ ಲೆಕ್ಕ. ಇಂದಿನ ಶರೀರಶಾಸ್ತ್ರವೂ ಇದಕ್ಕೆ ಒಂದು ವಿವರಣೆ ಕೊಡುತ್ತದೆ. ಉಸಿರು ಒಳಗೆಳೆದಾಗ ಹೃದಯದ ಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಮಿದುಳಿನಿಂದ ಎದೆಗೂ ಹೊಟ್ಟೆಗೂ ಇಳಿಯುವ ವೇಗಸ್ ನರದ ಕೆಲಸ ಇದು. ನಿಶ್ವಾಸ ಉದ್ದವಾದಷ್ಟೂ ಈ ನರದ ಪ್ರಭಾವ ಹೆಚ್ಚಿ, ದೇಹ ಗಾಬರಿಯ ಸ್ಥಿತಿಯಿಂದ ವಿಶ್ರಾಂತಿಯ ಕಡೆಗೆ ವಾಲುತ್ತದೆ. ಹೃದಯಕ್ಕೆ ‘ನಿಧಾನ ಬಡಿ’ ಎಂದು ಆಜ್ಞೆ ಮಾಡಲು ನಮ್ಮಿಂದಾಗದು. ಉಸಿರನ್ನು ನಿಧಾನ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಈ ವಿದ್ಯೆಗೂ ಕನ್ನಡ ನಾಡಿಗೂ ಹತ್ತಿರದ ನಂಟಿದೆ. 1888ರಲ್ಲಿ ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. 1934ರಲ್ಲಿ ಬಂದ ಅವರ ‘ಯೋಗ ಮಕರಂದ’ ಕನ್ನಡದ್ದೇ ಪುಸ್ತಕ. ಹಾಸನದ ಕಡೆಯ ಪಟ್ಟಾಭಿ ಜೋಯಿಸರು, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಅವರ ಕೈಕೆಳಗೆ ಪಳಗಿದವರು. ಅಯ್ಯಂಗಾರರ ಬಾಲ್ಯವನ್ನು ಹೊಸಬರು ನೆನಪಿಟ್ಟುಕೊಳ್ಳಬೇಕು. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವೂ ಹಿಂಡಿ ಹಾಕಿದ ಸಣಕಲು ಹುಡುಗನಾಗಿ ಅವರು ಮೈಸೂರಿಗೆ ಬಂದರು. ಮುಂದೆ ಬೆಲ್ಟು, ಮರದ ದಿಮ್ಮಿ, ಕುರ್ಚಿ, ಗೋಡೆಗಳ ಆಸರೆ ಕೊಟ್ಟು ಎಂಥ ಬಿಗಿ ಮೈಯವರಿಗೂ ಆಸನ ಕಲಿಸುವ ಪದ್ಧತಿಯನ್ನು ಬೆಳೆಸಿದ್ದು ಅವರೇ.

ಹಾಗೆಂದು ಯೋಗ ಎಲ್ಲ ರೋಗಕ್ಕೂ ಮದ್ದು ಎಂಬ ಪ್ರಚಾರವನ್ನು ನಂಬಬೇಡಿ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರ ಮಾರ್ಗಸೂಚಿಯಲ್ಲಿ, ಬಹುಕಾಲದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದ ದಾರಿಗಳ ಸಾಲಿಗೆ ಯೋಗವನ್ನೂ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆಗೆ ಪೂರಕವಾಗಿ ಯೋಗವನ್ನು ಹೇಳಿಕೊಡುತ್ತಾರೆ. ಪೂರಕ ಎಂಬ ಮಾತಿಗೆ ಇಲ್ಲಿ ತೂಕವಿದೆ. ಬಿಪಿ, ಸಕ್ಕರೆ ಕಾಯಿಲೆ, ಖಿನ್ನತೆಯ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಹಂತ 1: ಮೈ, ಜಾಗ, ಹೊತ್ತು

ಮೊದಲು ನಿಮ್ಮ ದೇಹದ ಚರಿತ್ರೆಯನ್ನು ನೋಡಿಕೊಳ್ಳಿ. ಹತೋಟಿಗೆ ಬಾರದ ಬಿಪಿ, ಹೃದ್ರೋಗ, ಕಣ್ಣಿನ ಒತ್ತಡ ಅಂದರೆ ಗ್ಲಾಕೋಮಾ, ಡಿಸ್ಕ್ ಜಾರಿರುವುದು, ಹರ್ನಿಯಾ, ಇತ್ತೀಚಿನ ಆಪರೇಷನ್, ಮೂಳೆ ಸವೆತ ಇದ್ದರೆ ವೈದ್ಯರನ್ನು ಕೇಳಿಯೇ ಶುರು ಮಾಡಿ. ಬಸುರಿಯರು ಈ ಲೇಖನ ಓದಿಕೊಂಡು ಮನೆಯಲ್ಲಿ ತಾವೇ ಮಾಡುವುದು ಬೇಡ. ಗರ್ಭಿಣಿಯರಿಗೆ ಕಲಿಸಿ ಅನುಭವವಿರುವ ಗುರುವಿನ ಬಳಿ ಹೋಗಲಿ.

ಹೊಟ್ಟೆ ಖಾಲಿ ಇರಬೇಕು. ಊಟವಾಗಿ ನಾಲ್ಕು ಗಂಟೆ, ಹಗುರ ತಿಂಡಿಯಾಗಿ ಎರಡು ಗಂಟೆ ಕಳೆದಿರಲಿ. ಬೆಳಿಗ್ಗೆ ಮೈ ಬಿಗಿಯಾಗಿರುತ್ತದೆ, ಮನಸ್ಸು ತಿಳಿಯಾಗಿರುತ್ತದೆ. ಸಂಜೆ ಇದು ತಿರುವುಮುರುವು. ಯಾವ ಹೊತ್ತು ದಿನಾ ಸಿಗುತ್ತದೋ ಅದೇ ಒಳ್ಳೆಯ ಹೊತ್ತು. ಜಾರದ ಮ್ಯಾಟ್ ಅಥವಾ ಜಮಖಾನ, ಮಡಿಸಿದ ಎರಡು ಕಂಬಳಿ, ಒಂದು ಹಳೆಯ ವೇಲ್ ಅಥವಾ ಪಂಚೆ, ಗೋಡೆಗೆ ಒರಗಿಸಿದ ಒಂದು ಕುರ್ಚಿ, ಇಷ್ಟು ಸಾಕು. ಫೋನು ಬೇರೆ ಕೋಣೆಯಲ್ಲಿರಲಿ.

ಹಂತ 2: ಸುಮ್ಮನೆ ಕೂತು ಉಸಿರು ನೋಡುವುದು

ಚಕ್ಕಂಬಟ್ಟಳೆ ಹಾಕಿ ಕೂತುಕೊಳ್ಳಿ. ಮಂಡಿಗಳು ಸೊಂಟಕ್ಕಿಂತ ಮೇಲೆದ್ದರೆ ಕೆಳಗೆ ಕಂಬಳಿ ಇಟ್ಟು ಎತ್ತರ ಮಾಡಿಕೊಳ್ಳಿ. ನೆಲದ ಮೇಲೆ ಆಗದಿದ್ದರೆ ಕುರ್ಚಿಯೇ ಸರಿ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳಿನ ಮೇಲೆ ಇಡಿ. ಯಾವ ಕೈ ಮೊದಲು ಏಳುತ್ತದೆ? ದಿನವಿಡೀ ಕಂಪ್ಯೂಟರ್ ಮುಂದೆ ಬಗ್ಗಿ ಕೂರುವ ಬಹಳಷ್ಟು ಮಂದಿಗೆ ಎದೆಯ ಮೇಲಿನ ಕೈ ಮಾತ್ರ ಏಳುತ್ತದೆ. ಅಂದರೆ ಉಸಿರಾಟದ ಮುಖ್ಯ ಸ್ನಾಯುವಾದ ವಪೆ ಪೂರ್ತಿ ಕೆಲಸ ಮಾಡುತ್ತಿಲ್ಲ. ಆ ಹೊರೆ ಕುತ್ತಿಗೆ, ಹೆಗಲಿನ ಸ್ನಾಯುಗಳ ಮೇಲೆ ಬಿದ್ದಿದೆ. ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಈಗಲೇ ಏನನ್ನೂ ತಿದ್ದಲು ಹೋಗಬೇಡಿ. ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತೀರಿ ಎಂದು ಎಣಿಸಿ ಬರೆದಿಡಿ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಇದು ಸಾಮಾನ್ಯವಾಗಿ 12ರಿಂದ 20. ಎರಡು ತಿಂಗಳಾದ ಮೇಲೆ ಮತ್ತೆ ಎಣಿಸುವುದಿದೆ.

ಹಂತ 3: ಕೀಲು ಸಡಿಲಿಸುವುದು

ಇದಕ್ಕೆ ಐದು ನಿಮಿಷ ಸಾಕು. ಕಾಲ್ಬೆರಳು, ಪಾದದ ಕೀಲು, ಮಂಡಿ, ಸೊಂಟ, ಮಣಿಕಟ್ಟು, ಮೊಣಕೈ, ಭುಜ ಎಂದು ಕೆಳಗಿನಿಂದ ಮೇಲಕ್ಕೆ ಒಂದೊಂದನ್ನೂ ಐದಾರು ಸಲ ಆಡಿಸಿ. ಕುತ್ತಿಗೆಯನ್ನು ಪೂರ್ತಿ ಸುತ್ತು ತಿರುಗಿಸಬೇಡಿ. ಎಡಕ್ಕೆ, ಬಲಕ್ಕೆ, ಕೆಳಕ್ಕೆ, ಅಷ್ಟೇ. ಕೀಲುಗಳು ಆಡಿದಾಗ ಒಳಗಿನ ಕೀಲುದ್ರವ ಹರಡಿಕೊಂಡು ಬೆಳಗಿನ ಬಿಗಿತ ಇಳಿಯುತ್ತದೆ.

ಹಂತ 4: ನಿಂತು ಮಾಡುವ ಆಸನಗಳು

ಸಮಸ್ಥಿತಿಯಿಂದ ಶುರು ಮಾಡಿ. ನೋಡುವವರಿಗೆ ಸುಮ್ಮನೆ ನಿಂತಂತೆ ಕಾಣುವ ಈ ಆಸನದಲ್ಲಿ ಕಲಿಯುವುದು ಬಹಳ ಇದೆ. ಅದಕ್ಕೆ ಮುಂಚೆ ನಿಮ್ಮ ಹಳೆಯ ಚಪ್ಪಲಿಯನ್ನು ತಿರುವಿ ಹಾಕಿ ಅಟ್ಟೆ ನೋಡಿ. ಹೊರಗಿನ ಅಂಚು ಸವೆದಿದೆಯೋ, ಒಳಗಿನದೋ, ಒಂದು ಕಾಲಿನದು ಹೆಚ್ಚು ಸವೆದಿದೆಯೋ? ವರ್ಷಗಳಿಂದ ದೇಹದ ಭಾರವನ್ನು ಎಲ್ಲಿ ಹಾಕುತ್ತಾ ಬಂದಿದ್ದೀರಿ ಎಂಬುದು ಅಲ್ಲಿ ಅಚ್ಚೊತ್ತಿದೆ. ಮಂಡಿನೋವು, ಸೊಂಟನೋವಿನ ಮೂಲ ಎಷ್ಟೋ ಸಲ ಇಲ್ಲೇ ಇರುತ್ತದೆ.

ಈಗ ಪಾದಗಳನ್ನು ಸೊಂಟದಷ್ಟು ಅಗಲಕ್ಕಿಟ್ಟು ನಿಲ್ಲಿ. ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿಯ ಎರಡು ಬದಿ, ಈ ನಾಲ್ಕೂ ಕಡೆ ಭಾರ ಸಮನಾಗಿ ಬೀಳಲಿ. ಮಂಡಿಚಿಪ್ಪನ್ನು ಮೆಲ್ಲಗೆ ಮೇಲಕ್ಕೆಳೆಯಿರಿ, ಆದರೆ ಮಂಡಿಯನ್ನು ಹಿಂದಕ್ಕೆ ತಳ್ಳಬೇಡಿ. ಹೆಗಲುಗಳನ್ನು ಕಿವಿಯಿಂದ ದೂರ ಇಳಿಬಿಡಿ. ಕಿವಿ, ಭುಜ, ಸೊಂಟ, ಪಾದದ ಕೀಲು ಒಂದೇ ಗೆರೆಯಲ್ಲಿರಲಿ. ಮನೆಯವರಿಗೆ ಪಕ್ಕದಲ್ಲಿ ನಿಂತು ನೋಡಿ ಹೇಳಲು ಕೇಳಿ. ಹತ್ತು ಉಸಿರು ಹೀಗೇ ನಿಲ್ಲಿ. ಆಮೇಲೆ ಉಸಿರೆಳೆಯುತ್ತಾ ಎರಡೂ ಕೈ ಮೇಲೆತ್ತಿ, ಬಿಡುತ್ತಾ ಇಳಿಸಿ, ಐದು ಸಲ. ಚಲನೆ ಉಸಿರಿನ ಜೊತೆಗೇ ಶುರುವಾಗಿ ಅದರ ಜೊತೆಗೇ ಮುಗಿಯಬೇಕು. ಕೈ ಮೊದಲು ಮೇಲೆ ತಲುಪಿ ಉಸಿರು ಆಮೇಲೆ ಮುಗಿದರೆ ಅವಸರ ಮಾಡಿದಿರಿ ಎಂದರ್ಥ.

ಮುಂದೆ ವೃಕ್ಷಾಸನ. ಗೋಡೆಯ ಪಕ್ಕ ನಿಂತು ಒಂದು ಪಾದವನ್ನು ಇನ್ನೊಂದು ಕಾಲಿನ ಮೀನಖಂಡಕ್ಕೋ ಒಳತೊಡೆಗೋ ಒತ್ತಿಡಿ. ಮಂಡಿಯ ಕೀಲಿಗೆ ಮಾತ್ರ ಒತ್ತಬಾರದು. ದೃಷ್ಟಿಯನ್ನು ಎದುರಿನ ಒಂದು ಬಿಂದುವಿನಲ್ಲಿ ನೆಡಿ. ಸಂಜೆ ಅಡುಗೆಗೆ ಏನು ಮಾಡುವುದು ಎಂಬ ಯೋಚನೆ ಬಂದ ಕ್ಷಣವೇ ಕಾಲು ತೂಗಾಡುವುದನ್ನು ಗಮನಿಸಿ. ಉಸಿರಿಗೆ ಮರಳಿದ ಕೂಡಲೇ ನಿಲ್ಲುತ್ತದೆ. ದೇಹ ಮನಸ್ಸುಗಳ ಸಂಬಂಧವನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಆಸನ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಅರವತ್ತು ದಾಟಿದವರು ಕುರ್ಚಿಯ ಬೆನ್ನು ಹಿಡಿದೇ ಮಾಡಲಿ. ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ವಯಸ್ಸಿನಲ್ಲಿ ಒಂಟಿಕಾಲಿನ ಸಮತೋಲದ ಅಭ್ಯಾಸ ದೊಡ್ಡ ಆಸ್ತಿ.

ಕೊನೆಗೆ ತ್ರಿಕೋನಾಸನ, ಅಂದರೆ ಕಾಲು ಅಗಲಿಸಿ ನಿಂತು ಪಕ್ಕಕ್ಕೆ ಬಾಗುವುದು. ಕೆಳಗಿನ ಕೈ ನೆಲಕ್ಕೆ ಹೋಗಲೇಬೇಕಿಲ್ಲ, ಕುರ್ಚಿಯ ಮೇಲೋ ಮೊಣಕಾಲಿನ ಕೆಳಗೋ ಇರಲಿ. ಎದೆ ನೆಲದ ಕಡೆ ತಿರುಗದೆ ಎದುರಿಗೆ ತೆರೆದಿರಬೇಕು. ಎರಡೂ ಕಡೆ ಐದೈದು ಉಸಿರು.

ಹಂತ 5: ಕೂತು ಮಾಡುವ ಆಸನಗಳು

ಯಾವ ಯೋಗಶಾಲೆಯ ಬಾಗಿಲಲ್ಲಿ ನಿಂತರೂ ಈ ದೃಶ್ಯ ಕಾಣುತ್ತದೆ: ಕಾಲು ಚಾಚಿ ಕೂತ ಹೊಸಬರೊಬ್ಬರು ಹೆಬ್ಬೆರಳು ಹಿಡಿಯಲೇಬೇಕೆಂದು ಕೈ ಚಾಚಿದ್ದಾರೆ. ಬೆನ್ನು ಗೂನಾಗಿದೆ, ಕುತ್ತಿಗೆಯ ನರ ಉಬ್ಬಿದೆ, ಹಲ್ಲು ಕಚ್ಚಿದ್ದಾರೆ, ಮುಖ ಕೆಂಪಾಗಿದೆ. ಉಸಿರು ಎಲ್ಲೋ ಗಂಟಲಲ್ಲಿ ಸಿಕ್ಕಿಕೊಂಡಿದೆ. ಇದಕ್ಕೆ ಪಶ್ಚಿಮೋತ್ತಾನಾಸನ ಎಂದು ಹೆಸರಿಟ್ಟರೂ ಆಗುತ್ತಿರುವುದು ಸೊಂಟಕ್ಕೆ ಪೆಟ್ಟು.

ಕಾರಣ ಸರಳ. ತೊಡೆಯ ಹಿಂದಿನ ಸ್ನಾಯುಗಳು ಮೇಲ್ಗಡೆ ಕುಂಡಿಯ ಮೂಳೆಗೆ ಅಂಟಿಕೊಂಡಿವೆ. ಅವು ಬಿಗಿಯಾಗಿದ್ದರೆ ಕಾಲು ಚಾಚಿದಾಗ ಸೊಂಟದ ಗೂಡನ್ನೇ ಹಿಂದಕ್ಕೆ ಎಳೆದು ಹಿಡಿಯುತ್ತವೆ. ಸೊಂಟ ಮುಂದೆ ವಾಲದಿದ್ದಾಗ ಬಗ್ಗುವ ಕೆಲಸವೆಲ್ಲ ಕೆಳಬೆನ್ನಿನ ಪಾಲಿಗೆ ಬರುತ್ತದೆ, ಅಲ್ಲಿನ ಡಿಸ್ಕ್‌ಗಳ ಮೇಲೆ ಒತ್ತಡ ಬೀಳುತ್ತದೆ.

ಆದ್ದರಿಂದ ಹೀಗೆ ಮಾಡಿ. ಮಡಿಸಿದ ಕಂಬಳಿಯ ಅಂಚಿನ ಮೇಲೆ ಕೂತುಕೊಳ್ಳಿ. ಎತ್ತರ ಸಿಕ್ಕಿದಾಗ ಸೊಂಟ ಮುಂದಕ್ಕೆ ವಾಲುವುದು ಸುಲಭ. ಮಂಡಿಗಳನ್ನು ಸ್ವಲ್ಪ ಮಡಿಸಿ, ಬೇಕಿದ್ದರೆ ಕೆಳಗೆ ದಿಂಬು ಕೊಡಿ. ಪಂಚೆಯನ್ನೋ ವೇಲನ್ನೋ ಅಂಗಾಲಿಗೆ ಹಾಕಿ ಎರಡೂ ತುದಿ ಹಿಡಿದುಕೊಳ್ಳಿ. ಉಸಿರೆಳೆಯುತ್ತಾ ಎದೆಯನ್ನು ಮೇಲಕ್ಕೆತ್ತಿ ಬೆನ್ನು ಉದ್ದ ಮಾಡಿ. ಬಿಡುತ್ತಾ ಹೊಕ್ಕುಳನ್ನು ತೊಡೆಯ ಕಡೆಗೆ ಒಯ್ಯಿರಿ. ಹಣೆ ಮಂಡಿಗೆ ತಾಗಬೇಕೆಂಬ ಆಸೆ ಬಿಡಿ. ಸೆಳೆತ ತಿಳಿಯುವ, ಆದರೆ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು ನಾಲ್ಕು ಎಣಿಸುವಷ್ಟು ಹೊತ್ತು ಬಿಡಲು ಆಗುವ ಜಾಗದಲ್ಲಿ ನಿಲ್ಲಿ. ಎಣಿಕೆ ತಪ್ಪಿದರೆ, ಉಸಿರು ತುಂಡಾದರೆ, ಎರಡು ಇಂಚು ಹಿಂದೆ ಬನ್ನಿ. ದವಡೆ, ಹಣೆ, ನಾಲಗೆ ಸಡಿಲವಿದೆಯೇ ನೋಡಿಕೊಳ್ಳಿ. ಆರರಿಂದ ಎಂಟು ಉಸಿರು ಅಲ್ಲೇ ಇರಿ.

ಈ ಕಾಯುವಿಕೆಯಲ್ಲೇ ಕೆಲಸ ನಡೆಯುವುದು. ಸ್ನಾಯುವನ್ನು ಸರಕ್ಕನೆ ಎಳೆದರೆ ಅದು ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿಯುತ್ತದೆ. ನಿಧಾನವಾಗಿ ಎಳೆದು, ನಿಲ್ಲಿಸಿ, ಉಸಿರು ಬಿಡುತ್ತಾ ಹೋದರೆ ಆ ಪ್ರತಿರೋಧ ಇಳಿಯುತ್ತದೆ. ಮೂರನೆಯ, ನಾಲ್ಕನೆಯ ನಿಶ್ವಾಸದಲ್ಲಿ ತೊಡೆಯ ಹಿಂಬದಿ ತಾನಾಗಿ ಬಿಟ್ಟುಕೊಡುವುದು ಅನುಭವಕ್ಕೆ ಬರುತ್ತದೆ. ಮನಸ್ಸಿಗೂ ಇಲ್ಲೊಂದು ತರಬೇತಿಯಿದೆ. ಸಹಿಸಬಹುದಾದ ಕಸಿವಿಸಿಯೊಂದು ಎದುರಿಗಿದೆ, ಓಡಿಹೋಗದೆ, ಜಗಳಕ್ಕೂ ನಿಲ್ಲದೆ, ಉಸಿರಾಡುತ್ತಾ ಅದರ ಜೊತೆ ಇರುವುದನ್ನು ಕಲಿಯುತ್ತಿದ್ದೀರಿ. ಟ್ರಾಫಿಕ್‌ನಲ್ಲಿ, ಆಫೀಸಿನಲ್ಲಿ, ಮನೆಯ ಮಾತಿನ ಚಕಮಕಿಯಲ್ಲಿ ನೆರವಿಗೆ ಬರುವುದು ಈ ಅಭ್ಯಾಸವೇ.

ಡಿಸ್ಕ್ ತೊಂದರೆ ಇರುವವರು ಈ ಆಸನವನ್ನು ಬಿಡಲಿ. ಇದಾದ ಮೇಲೆ ಕೂತಲ್ಲೇ ಬೆನ್ನು ತಿರುಚುವ ವಕ್ರಾಸನ ಎರಡೂ ಕಡೆ, ಮಂಡಿ ನೋವಿಲ್ಲದವರಿಗೆ ಮಂಡಿ ಮಡಿಸಿ ಹಿಮ್ಮಡಿಗಳ ಮೇಲೆ ಕೂರುವ ವಜ್ರಾಸನ ಒಂದು ನಿಮಿಷ. ವಜ್ರಾಸನವನ್ನು ಊಟವಾದ ಮೇಲೂ ಮಾಡಬಹುದು.

ಹಂತ 6: ಮಲಗಿ ಮಾಡುವ ಆಸನಗಳು

ಬೋರಲು ಮಲಗಿ ಭುಜಂಗಾಸನ. ಅಂಗೈಗಳನ್ನು ಎದೆಯ ಪಕ್ಕ ಇಟ್ಟು, ಮೊದಲು ಕೈಗೆ ಭಾರ ಕೊಡದೆ ಬೆನ್ನಿನ ಬಲದಿಂದಲೇ ಎಷ್ಟು ಏಳುತ್ತದೋ ಅಷ್ಟು ಎದೆಯೆತ್ತಿ. ಹೊಕ್ಕುಳು ನೆಲದಲ್ಲೇ ಇರಲಿ. ದಿನವಿಡೀ ಮುಂದಕ್ಕೆ ಬಗ್ಗಿ ಕೂರುವವರ ಬೆನ್ನಿಗೆ ಇದು ಎದುರು ದಿಕ್ಕಿನ ಚಲನೆ. ಎದೆಗೂಡು ತೆರೆದುಕೊಂಡು ಉಸಿರಿಗೆ ಜಾಗವಾಗುತ್ತದೆ. ಮೂರು ಸಲ ಮಾಡಿ, ನಡುನಡುವೆ ಮಕರಾಸನದಲ್ಲಿ, ಅಂದರೆ ಬೋರಲಾಗಿಯೇ ತಲೆಯನ್ನು ಕೈಗಳ ಮೇಲಿಟ್ಟು, ವಿಶ್ರಮಿಸಿ.

ಅಂಗಾತ ಮಲಗಿ ಮಂಡಿಗಳನ್ನು ಎದೆಗೆ ಅಪ್ಪಿಕೊಳ್ಳುವ ಪವನಮುಕ್ತಾಸನ, ಆಮೇಲೆ ಮಂಡಿ ಮಡಿಸಿ ಪಾದ ಊರಿ ಸೊಂಟ ಎತ್ತುವ ಸೇತುಬಂಧಾಸನ ಐದೈದು ಉಸಿರು. ಸೇತುಬಂಧದಲ್ಲಿ ತಲೆಯನ್ನು ಅತ್ತಿತ್ತ ತಿರುಗಿಸಬೇಡಿ. ಕೊನೆಗೆ ಗೋಡೆಗೆ ಕಾಲು ಚಾಚಿ ಐದು ನಿಮಿಷ ಮಲಗಿ. ಇಡೀ ದಿನ ನಿಂತು ಕೆಲಸ ಮಾಡುವ ಟೀಚರುಗಳಿಗೆ, ಅಂಗಡಿಯವರಿಗೆ, ನರ್ಸುಗಳಿಗೆ ಬಾತ ಕಾಲಿಗೆ ಇದರಷ್ಟು ಹಿತವಾದದ್ದು ಬೇರೆಯಿಲ್ಲ. ಗ್ಲಾಕೋಮಾ, ಹತೋಟಿಗೆ ಬಾರದ ಬಿಪಿ ಇದ್ದವರು ಬಿಡಬೇಕು. ಮುಟ್ಟಿನ ದಿನಗಳಲ್ಲೂ ಇದನ್ನು ಬಿಡುವ ಪದ್ಧತಿಯಿದೆ.

ಹಂತ 7: ಶವಾಸನ

ಹೊತ್ತಾಯಿತೆಂದು ಮ್ಯಾಟ್ ಸುತ್ತಿ ಏಳುವವರು ಬಿಟ್ಟುಬಿಡುವುದು ಇದನ್ನೇ. ದಯವಿಟ್ಟು ಬಿಡಬೇಡಿ. ಸಮಯ ಕಡಿಮೆಯಿದ್ದರೆ ಎರಡು ಆಸನ ಕಡಿಮೆ ಮಾಡಿ, ಶವಾಸನಕ್ಕೆ ಏಳೆಂಟು ನಿಮಿಷ ಇಟ್ಟುಕೊಳ್ಳಿ. ದಣಿವು ಕಳೆದು ಚಿತ್ತಕ್ಕೆ ವಿಶ್ರಾಂತಿ ಕೊಡುವ ಆಸನವೆಂದೇ ‘ಪ್ರದೀಪಿಕಾ’ ಇದನ್ನು ಪರಿಗಣಿಸುತ್ತದೆ.

ಅಂಗಾತ ಮಲಗಿ, ಕಾಲು ಅಗಲಿಸಿ, ಅಂಗೈ ಮೇಲ್ಮುಖವಾಗಿರಲಿ. ಸೊಂಟ ಎಳೆಯುತ್ತಿದ್ದರೆ ಮಂಡಿಯ ಕೆಳಗೆ ದಿಂಬು ಇಡಿ. ಮೈ ತಣ್ಣಗಾಗುತ್ತದೆ, ಶಾಲು ಹೊದೆಯಿರಿ. ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದು ಭಾಗವನ್ನು ನೆನೆದು ಸಡಿಲ ಬಿಡಿ. ನಿದ್ದೆ ಬಂದರೆ ಬೇಸರ ಬೇಡ, ನಿಮಗೆ ನಿದ್ದೆ ಸಾಲದಾಗಿದೆ ಎಂದಷ್ಟೇ ತಿಳಿದುಕೊಳ್ಳಿ. ರಾತ್ರಿ ನಿದ್ದೆ ಹತ್ತದವರು ಇದನ್ನೇ ಹಾಸಿಗೆಯಲ್ಲಿ ಮಾಡಬಹುದು. ಏಳುವಾಗ ಪಕ್ಕಕ್ಕೆ ಹೊರಳಿ, ಕೈಯೂರಿ ಏಳಿ.

ಹಂತ 8: ಪ್ರಾಣಾಯಾಮ

ಒಂದು ತಿಂಗಳು ಆಸನ ನಡೆದ ಮೇಲೆ ಇದನ್ನು ಸೇರಿಸಿ. ಮೊದಲ ವಾರ ಮಲಗಿಕೊಂಡೇ ಹೊಟ್ಟೆಯ ಉಸಿರು: ಎಳೆದಾಗ ಹೊಟ್ಟೆ ಏಳಲಿ, ಬಿಟ್ಟಾಗ ಇಳಿಯಲಿ. ಎಳೆಯುವುದಕ್ಕೆ ಮೂರು ಎಣಿಕೆ, ಬಿಡುವುದಕ್ಕೆ ಐದಾರು.

ಆಮೇಲೆ ಕೂತು ನಾಡಿಶುದ್ಧಿ. ಬಲಗೈಯ ತೋರುಬೆರಳು, ನಡುಬೆರಳು ಮಡಿಸಿ. ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ ಎಡದಿಂದ ಎಳೆಯಿರಿ. ಉಂಗುರಬೆರಳಿನಿಂದ ಎಡ ಹೊಳ್ಳೆ ಮುಚ್ಚಿ ಬಲದಿಂದ ಬಿಡಿ. ಮತ್ತೆ ಬಲದಿಂದಲೇ ಎಳೆದು ಎಡದಿಂದ ಬಿಡಿ. ಇದು ಒಂದು ಆವರ್ತ. ಹೀಗೆ ಒಂಬತ್ತು ಮಾಡಿ. ಸದ್ದು ಬರಬಾರದು. ನಡುವೆ ಉಸಿರು ಕಟ್ಟಬೇಡಿ. ಹಾಗೆ ಕಟ್ಟುವ ಕುಂಭಕ ಗುರುವಿನ ಎದುರು ಕಲಿಯುವ ವಿದ್ಯೆ. ಶೀತದಿಂದ ಮೂಗು ಕಟ್ಟಿದ ದಿನ ಬಿಟ್ಟುಬಿಡಿ.

ಕೊನೆಗೆ ಭ್ರಾಮರಿ ಐದು ಸಲ, ಬಾಯಿ ಮುಚ್ಚಿ ದುಂಬಿಯ ಝೇಂಕಾರದಂತೆ. ಗುನುಗುವಾಗ ನಿಶ್ವಾಸ ತಾನಾಗಿ ಉದ್ದವಾಗುವುದೇ ಇದರ ಗುಟ್ಟು. ಪರೀಕ್ಷೆಗೆ ಓದುವ ಮಕ್ಕಳಿಗೂ ಇದು ಸುಲಭ. ಟಿವಿ ನೋಡಿಕೊಂಡು ಕಪಾಲಭಾತಿಯನ್ನು ನೂರುಗಟ್ಟಲೆ ಹೊಡೆಯುವವರಿದ್ದಾರೆ. ಅದು ಶುದ್ಧಿಕ್ರಿಯೆಯ ಸಾಲಿಗೆ ಸೇರಿದ್ದು. ಬಿಪಿ, ಹೃದ್ರೋಗ, ಹರ್ನಿಯಾ ಇರುವವರಿಗೆ, ಬಸುರಿಯರಿಗೆ ಬೇಡ. ಉಳಿದವರೂ ಎದುರಿಗೆ ಕಲಿಸುವವರಿಲ್ಲದೆ ಶುರು ಮಾಡಬೇಡಿ.

ಹಂತ 9: ವಾರದ ಲೆಕ್ಕ, ಗುರುವಿನ ಆಯ್ಕೆ

ಮೊದಲ ಎರಡು ವಾರ ಹಂತ 2, 3, 4 ಮತ್ತು ಶವಾಸನ, ಒಟ್ಟು 25 ನಿಮಿಷ. ಮೂರು–ನಾಲ್ಕನೇ ವಾರ ಕೂತು ಮಾಡುವ, ಮಲಗಿ ಮಾಡುವ ಆಸನಗಳನ್ನು ಸೇರಿಸಿ 40 ನಿಮಿಷ. ಐದನೇ ವಾರದಿಂದ ಪ್ರಾಣಾಯಾಮ. ವಾರಕ್ಕೊಂದು ದಿನ ರಜೆ ಇರಲಿ. ಭಾನುವಾರ ಎರಡು ಗಂಟೆ ಒದ್ದಾಡುವುದಕ್ಕಿಂತ ದಿನಾ 25 ನಿಮಿಷ ಎಷ್ಟೋ ಮೇಲು.

ಸ್ನಾಯುವಿನ ನಡುವೆ ಹರಡಿದಂತೆ ಆಗುವ ಸೆಳೆತ ಸರಿ. ಕೀಲಿನಲ್ಲಿ ಚುಚ್ಚುವ ನೋವು, ಕೈಕಾಲಿಗೆ ಹರಿಯುವ ಜೋಮು, ತಲೆಸುತ್ತು, ಎದೆನೋವು ಬಂದರೆ ತಕ್ಷಣ ನಿಲ್ಲಿಸಿ. ಎದೆನೋವಾದರೆ ಆಸ್ಪತ್ರೆಗೆ ಹೋಗುವುದರಲ್ಲಿ ತಡ ಮಾಡಬೇಡಿ.

ಶೀರ್ಷಾಸನ, ಸರ್ವಾಂಗಾಸನವನ್ನು ವಿಡಿಯೊ ನೋಡಿ ಕಲಿಯಲು ಹೋಗಬೇಡಿ, ಕುತ್ತಿಗೆಯ ಪ್ರಶ್ನೆ. ಎರಡು ತಿಂಗಳಾದ ಮೇಲೆ ಗುರುವೊಬ್ಬರನ್ನು ಹುಡುಕಿ. ತರಗತಿಗೆ ಸೇರಿಸಿಕೊಳ್ಳುವ ಮುಂಚೆ ನಿಮ್ಮ ಕಾಯಿಲೆ ಕಸಾಲೆ ವಿಚಾರಿಸುತ್ತಾರೆಯೇ, ಬೆನ್ನ ಮೇಲೆ ಕೈಯಿಟ್ಟು ಬಲವಂತವಾಗಿ ಒತ್ತುತ್ತಾರೆಯೇ, ಶವಾಸನಕ್ಕೆ ಸಮಯ ಕೊಡುತ್ತಾರೆಯೇ, ‘ನೋವಾಗುತ್ತಿದೆ’ ಎಂದಾಗ ನಿಲ್ಲಿಸಿ ಬೇರೆ ದಾರಿ ತೋರಿಸುತ್ತಾರೆಯೇ ಎಂದು ಒಂದು ದಿನ ಕೂತು ನೋಡಿ ಆಮೇಲೆ ಫೀಸು ಕಟ್ಟಿ. ಹೋಗುವಾಗ ನಿಮ್ಮ ಬರಹದ ಪುಸ್ತಕವೂ ಜೊತೆಗಿರಲಿ: ಮೊದಲ ದಿನದ ಉಸಿರಿನ ಎಣಿಕೆ, ಈಗಿನ ಎಣಿಕೆ, ಮಲಗಿದ ಎದ್ದ ಹೊತ್ತು, ಯಾವ ಆಸನದಲ್ಲಿ ಎಲ್ಲಿ ಎಳೆಯುತ್ತದೆ ಎಂಬ ಟಿಪ್ಪಣಿ. ಒಳ್ಳೆಯ ಗುರು ಅದನ್ನು ಓದಿಯೇ ಮುಂದಿನ ಪಾಠ ಶುರು ಮಾಡುತ್ತಾರೆ.